ಮಾಹಿತಿದಾರೆ-೩ ಎಂಬ ನಮ್ಮತ್ತೆಯ ಪರವಾಗಿ

ತುಮಕೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಇತಿಹಾಸಕ್ಕೂ ಸಮಾಜಶಾಸ್ತ್ರಕ್ಕೂ ನಂಟು ಬೆಸೆಯುತ್ತಿರುವ ‘ಕಾಲ-ಸಮುದಾಯ’ ತ್ರೈಮಾಸಿಕದ ಘನ ಸಂಪಾದಕರಿಗೆ, ಬೆಳ್ಳಾವಿಯ ರಾಗಿ ಹೊಲದ ಬದುವಿನಿಂದ ಅನಂತ ನಮಸ್ಕಾರಗಳು.

ಮಾನ್ಯರೇ,

ಗುಬ್ಬಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಪಲ್ಲವಿ ನಾನು. ಮುಯ್ಯಾಳಿನ ಬಗ್ಗೆ, ಅಂದರೆ ಇವತ್ತು ನಮ್ಮ ಹೊಲದ ಕಳೆಗೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು ಎಂಬ ಪದ್ಧತಿಯ ಬಗ್ಗೆ ನಾನು ಬರೆದ ಲೇಖನವನ್ನು ಎರಡು ವರ್ಷ ಜೋಪಾನವಾಗಿ ಇಟ್ಟುಕೊಂಡು ಕೊನೆಗೂ ಅಚ್ಚು ಹಾಕಿದ ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ!

ತಮ್ಮ ಇಬ್ಬರು ಪರಿಶೀಲಕರಂತೂ ರತ್ನಗಳು. ಇತಿಹಾಸದವರು ನಮ್ಮ ಅತ್ತೆ ಕರಿಬಸಮ್ಮನವರ ಮಾತಿಗೆ ಶಾಸನದ ಆಧಾರ ಕೇಳಿದರು; ಕಳೆಗೆ ಹೋಗುವಾಗ ಒಂದು ಕಲ್ಲು ಕೆತ್ತಿಸಿಟ್ಟು ಹೋಗಬೇಕೆಂದು ನಮ್ಮ ಹೆಂಗಸರಿಗೆ ಹೊಳೆಯಲಿಲ್ಲ, ಕ್ಷಮಿಸಿ. ಸಮಾಜಶಾಸ್ತ್ರದವರು ಅಂಥ ಇನ್ನೂರು ಅತ್ತೆಯರನ್ನು ಕೇಳಿದರು. ಒಬ್ಬರನ್ನು ಸಂಭಾಳಿಸುವುದೇ ಎಷ್ಟು ಕಷ್ಟವೆಂದು ಅವರ ಮನೆಯವರನ್ನು ವಿಚಾರಿಸಿದ್ದರೆ ಹೇಳುತ್ತಿದ್ದರು. ಇಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ: ಸಂಶೋಧನೆಯ ನೀತಿಯಂತೆ ಅತ್ತೆಯ ಹೆಸರು ತೆಗೆದು ‘ಮಾಹಿತಿದಾರೆ-೩’ ಎಂದು ಹಾಕುವುದು. ನನ್ನನ್ನೊಂದು ಮಾತು ಕೇಳದೆ ಹಾಕಿಯೂ ಬಿಟ್ಟಿರಿ.

ಅಲ್ಲಾ ಸ್ವಾಮಿ, ಎಂಬತ್ತೊಂದು ವರ್ಷದ ಆ ಜೀವ ನಾಲ್ಕು ದಿನ ಎಲೆ-ಅಡಿಕೆಯನ್ನೂ ಮರೆತು ಮಾತಾಡಿದ್ದು ಪುಸ್ತಕದಲ್ಲಿ ತನ್ನ ಹೆಸರು ಬರುತ್ತದೆಂಬ ಆಸೆಯಿಂದ. ರೇಷನ್ ಕಾರ್ಡು, ವೋಟರ್ ಲಿಸ್ಟು ಬಿಟ್ಟರೆ ಆ ಹೆಸರು ಬೇರೆಲ್ಲೂ ಅಚ್ಚಾಗಿಲ್ಲ. ಸಂಚಿಕೆ ಬಂದ ದಿನ ರೇಷ್ಮೆ ಸೀರೆ ಉಟ್ಟು, ಬೀದಿಯ ಹೆಂಗಸರನ್ನೆಲ್ಲ ಜಗಲಿಗೆ ಕರೆದು, ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು ಹುಡುಕಿದರು, ಹುಡುಕಿದರು. ಕೊನೆಗೆ “ಇದ್ರಾಗೆ ನಾನೆಲ್ಲಿದೀನವ್ವಾ?” ಅಂದರು. ನನಗೆ ಅಳುವೇ ಬಂತು. ಕುಣಿಗಲ್ ಕಡೆ ಕೊತ್ತಗೆರೆಯಲ್ಲಿರುವ ಅವರ ತಂಗಿ ರೇವಮ್ಮ ಈಗ ದಿನಾ ಫೋನ್ ಮಾಡಿ, “ಏನಕ್ಕಾ, ಮೂರ್ನೇ ನಂಬರು, ಉಂಡ್ಯಾ?” ಎಂದು ಯೋಗಕ್ಷೇಮ ವಿಚಾರಿಸುತ್ತಾರೆ.

ತಾವು ಲೇಖನ ಓದಿದ್ದರೆ (ಸಂಪಾದಕರಿಗೆ ಬಿಡುವೆಲ್ಲಿ, ಪಾಪ) ಒಂದು ಸಂಗತಿ ಕಾಣುತ್ತಿತ್ತು. ಮುಯ್ಯಿಗೆ ಕಾಗದಪತ್ರವಿಲ್ಲ, ಹೆಸರೇ ದಾಖಲೆ. ಯಾರು ಬಂದಿದ್ದರೆಂದು ನೆನಪಿದ್ದರೆ ತಾನೆ ಅವರ ಹೊಲಕ್ಕೆ ಹೋಗುವುದು? ಐವತ್ತು ವರ್ಷದ ಹಿಂದೆ ತಮ್ಮ ಹೊಲಕ್ಕೆ ಬಂದ ಹದಿನೇಳು ಹೆಂಗಸರ ಹೆಸರನ್ನು ಅತ್ತೆ ಒಂದೇ ಉಸಿರಿಗೆ ಹೇಳಿದ್ದರು. ನನ್ನ ಜೊತೆ ಮಾತಾಡಿದ ಇನ್ನಿಬ್ಬರು ಅಜ್ಜಿಯರನ್ನು ೧, ೨ ಮಾಡಿದ್ದಲ್ಲದೆ, ಈ ಹದಿನೇಳು ಜನರನ್ನೂ ತಾವು ೪ರಿಂದ ೨೦ರವರೆಗೆ ಸಾಲಾಗಿ ನಿಲ್ಲಿಸಿದ್ದೀರಿ.

ಆದ್ದರಿಂದ ವಿನಂತಿ ಇಷ್ಟೆ: ಮುಂದಿನ ಸಂಚಿಕೆಯಲ್ಲಿ ಇಪ್ಪತ್ತೂ ಜನರ ಹೆಸರು ಹಾಕಿ. ಆಗದಿದ್ದರೆ, ಅತ್ತೆಯ ನಾಲ್ಕು ದಿನದ ಮಾತಿಗೆ ಮುಯ್ಯಿಯಾಗಿ ಸಂಪಾದಕ ಮಂಡಳಿಯು ಪರಿಶೀಲಕರ ಸಮೇತ ನಾಲ್ಕು ದಿನ ನಮ್ಮ ರಾಗಿ ಹೊಲದ ಕಳೆಗೆ ಬರತಕ್ಕದ್ದು. ಮುದ್ದೆ, ಹುರುಳಿಸಾರು ನಮ್ಮದು. ಶಾಸನ ತರುವ ಅಗತ್ಯವಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
ಪಲ್ಲವಿ
(ಕರಿಬಸಮ್ಮನವರ ಸೊಸೆ)

ತಾ.ಕ.: ಕಳೆಗೆ ಬಂದವರ ಹೆಸರನ್ನು ಅತ್ತೆ ಜೀವವಿರುವವರೆಗೂ ಮರೆಯುವುದಿಲ್ಲ. ಬದುವಿನ ಮೇಲೆ ಕೂತು “ಯಾರಪ್ಪಾ ನೀನು?” ಎಂದು ಕೇಳಿಯೇ ಕೇಳುತ್ತಾರೆ. ದಯವಿಟ್ಟು ನೀತಿ ಮುರಿಯಬೇಡಿ, ‘ಸಂಪಾದಕ-೧’ ಎಂದುಬಿಡಿ.