ಮೇಕೆಗಳನ್ನು ಗುಂಪುಗೂಡಿಸಬಾರದೆಂಬ ಬಗ್ಗೆ ಮೇಕೆಗಳ ಬೃಹತ್ ಸಮಾವೇಶ

ಮೇಕೆಗಳ ಪ್ಲೇಗ್ ರೋಗವು ಒಂದರ ಉಸಿರು, ಜೊಲ್ಲು, ಸಿಂಬಳಗಳಿಂದ ಇನ್ನೊಂದಕ್ಕೆ ಹರಡುತ್ತದೆ ಮತ್ತು ಮೇಲಧಿಕಾರಿಗಳ ಲಿಖಿತ ಆದೇಶದಿಂದ ನಿಲ್ಲುತ್ತದೆ. ಇದರಲ್ಲಿ ಮೊದಲನೆಯದನ್ನು ಪಶುವೈದ್ಯರು ಕಾಲೇಜಿನಲ್ಲೇ ಕಲಿತಿದ್ದರು. ಎರಡನೆಯದನ್ನು ಕಲಿಯಲು ಹನ್ನೊಂದು ವರ್ಷದ ಸರ್ಕಾರಿ ಸೇವೆ ಬೇಕಾಯಿತು.

ವೈದ್ಯರ ಅಕ್ಕನಿಗೆ ಮೂವತ್ತೆಂಟು ಮೇಕೆಗಳಿದ್ದವು. ಗಂಡ ತೀರಿಕೊಂಡ ಮೇಲೆ ಎರಡೇ ಎರಡರಿಂದ ಶುರುಮಾಡಿ ಬೆಳೆಸಿದ ಮಂದೆ. ತಮ್ಮ ಓದಿ ವೈದ್ಯನಾದದ್ದೂ ಅದರ ದೆಸೆಯಿಂದಲೇ. ಒಂದು ಬೆಳಿಗ್ಗೆ ಆಕೆ ಕಚೇರಿಗೇ ಬಂದಳು. ಪಕ್ಕದ ಮನೆಯವರು ಸಂತೆಯಿಂದ ತಂದ ಹೋತ ಮೂಗು ಸುರಿಸುತ್ತಿದೆ, ಬಾಯಿ ತುಂಬ ಹುಣ್ಣು, ಭೇದಿ ಬೇರೆ. ಹೊಸ ಪ್ರಾಣಿಯನ್ನು ಮೂರು ವಾರ ದೂರ ಕಟ್ಟಿ ಎಂದರೆ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮವಕ್ಕೆ ಇವತ್ತೇ ಲಸಿಕೆ ಹಾಕಿಬಿಡು ಎಂದಳು.

ಲಸಿಕೆ ಹಿಂದಿನ ಕೋಣೆಯ ಫ್ರಿಜ್‌ನಲ್ಲೇ ಇತ್ತು, ಎರಡು ಸಾವಿರ ಮೇಕೆಗಳಿಗೆ ಆಗುವಷ್ಟು. ಆದರೆ ರೋಗ ದೃಢಪಡದೆ ಲಸಿಕೆ ಕೊಡಕೂಡದು ಎನ್ನುವುದು ನಿಯಮ ಏಳು. ರೋಗಮುಕ್ತವೆಂದು ಘೋಷಿತವಾದ ವಲಯದಲ್ಲಿ ರೋಗ ದೃಢಪಡಕೂಡದು ಎನ್ನುವುದು ನಿಯಮ ಎಂಟು. ವಲಯವು ಹಿಂದಿನ ವರ್ಷವೇ ರೋಗಮುಕ್ತವಾಗಿ, ಉಪನಿರ್ದೇಶಕರಿಗೆ ಅದರ ಪದಕವೂ ಬಂದಿತ್ತು.

ವೈದ್ಯರು ಧೈರ್ಯ ತಂದುಕೊಂಡು ಉಪನಿರ್ದೇಶಕರ ಕೋಣೆಗೆ ಹೋದರು. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

"ಎಷ್ಟು ಸತ್ತಿವೆ?"

"ಇನ್ನೂ ಯಾವುದೂ ಸತ್ತಿಲ್ಲ ಸಾರ್. ಈಗಲೇ ಹಾಕಿದ್ರೆ ಸಾಯೋದೂ ಇಲ್ಲ."

"ಸಾಯದೇ ಇರೋದಕ್ಕೆ ಲಸಿಕೆ ಯಾಕ್ರೀ?"

ಹಾಗಂತ ಉಪನಿರ್ದೇಶಕರು ಕಲ್ಲೆದೆಯವರೇನಲ್ಲ. ಬರುವ ಗುರುವಾರ ಮಂತ್ರಿಗಳೇ ಬಂದು ರೋಗ ತಡೆ ಅಭಿಯಾನವನ್ನು ಉದ್ಘಾಟಿಸುವವರಿದ್ದಾರೆ, ಫ್ರಿಜ್ ಅಂದೇ ತೆರೆಯುತ್ತದೆ, ಅಷ್ಟು ದಿನ ರೋಗವನ್ನು ತಡೆದಿಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು. ಸಂಜೆಗೆ ಸುತ್ತೋಲೆ ಹೊರಟಿತು:

"ಸಾಕಣೆದಾರರಿಗೆ ತಿಳಿಯಪಡಿಸುವುದೇನೆಂದರೆ, ಮೇಕೆಗಳನ್ನು ಗುಂಪುಗೂಡಿಸಬಾರದೆಂಬ ಬಗ್ಗೆ ಅರಿವು ಮೂಡಿಸಲು ಮೇಕೆಗಳ ಬೃಹತ್ ಸಮಾವೇಶವನ್ನು ಏರ್ಪಡಿಸಲಾಗಿದೆ. ಎಲ್ಲ ಮೇಕೆಗಳೂ ಹಾಜರಿರತಕ್ಕದ್ದು. ಅನಾರೋಗ್ಯದ ನೆಪದಲ್ಲಿ ಯಾವ ಮೇಕೆಗೂ ವಿನಾಯಿತಿ ಇರುವುದಿಲ್ಲ."

ಸಮಾವೇಶಕ್ಕೆ ಇಟ್ಟುಕೊಂಡಿದ್ದ ಎರಡು ಸಾವಿರದ ಗುರಿಗೆ ಬುಧವಾರದ ಹೊತ್ತಿಗೆ ಮೂವತ್ತು ಚಿಲ್ಲರೆ ಮೇಕೆಗಳು ಕಡಿಮೆ ಬಿದ್ದವು. ಉಪನಿರ್ದೇಶಕರು ವೈದ್ಯರ ಮುಖವನ್ನೇ ನೋಡಿದರು. ವೈದ್ಯರು ಅಕ್ಕನ ಮನೆಗೆ ಹೋದರು.

"ಬೇರೆ ಮಂದೆ ಜೊತೆ ಸೇರಿಸಬೇಡ, ಒಂದೇ ತೊಟ್ಟೀಲಿ ನೀರು ಕುಡಿಸಬೇಡ ಅಂತ ಹೇಳಿಕೊಟ್ಟವನು ನೀನೇ ಅಲ್ವೇನೋ?" ಎಂದಳು ಅಕ್ಕ.

"ಅದು ರೋಗ ಇದ್ದಾಗ ಅಕ್ಕ. ರೋಗ ಇದೆ ಅಂತ ಇನ್ನೂ ಆದೇಶ ಬಂದಿಲ್ಲ."

ತಮ್ಮನ ಕೆಲಸಕ್ಕೆ ಕುತ್ತು ಬರಬಾರದು ಎಂದುಕೊಂಡು ಅಕ್ಕ ಒಪ್ಪಿದಳು. ವೈದ್ಯರು ಆಕೆ ಕೊಟ್ಟ ನೀರನ್ನು ಕುಡಿಯದೆಯೇ ಎದ್ದು ಬಂದರು.

ಗುರುವಾರ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಮನೆಯ ಹೋತಕ್ಕೆ ಕೊಂಬು ಚೆನ್ನಾಗಿದ್ದುದರಿಂದ ಅದನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಲಾಯಿತು. ನೋಟಕ್ಕೆ ಅಚ್ಚುಕಟ್ಟಾಗಿರಲೆಂದು ಎಲ್ಲಕ್ಕೂ ಸೇರಿಸಿ ಒಂದೇ ಉದ್ದನೆಯ ನೀರಿನ ತೊಟ್ಟಿ. ಮಂತ್ರಿಗಳು ನಾಲ್ಕು ಗಂಟೆ ತಡವಾಗಿ ಬಂದು, ಒಂದು ಮೇಕೆ ಇನ್ನೊಂದರ ಎಂಜಲು ನೀರು ಕುಡಿದರೆ ಎಂಥ ಅನಾಹುತವಾಗುತ್ತದೆ ಎಂದು ಐವತ್ತು ನಿಮಿಷ ಮಾತಾಡಿದರು. ಮೇಕೆಗಳು ನೀರು ಕುಡಿಯುತ್ತಾ ಕೇಳಿದವು.

ಲಸಿಕೆಯ ಪೆಟ್ಟಿಗೆಯನ್ನು ಬೆಳಿಗ್ಗೆಯೇ ವೇದಿಕೆಯ ಮೇಲಿಟ್ಟು ರಿಬ್ಬನ್ ಕಟ್ಟಿದ್ದರು. ಐಸು ಕರಗಿ ರಿಬ್ಬನ್ ಒದ್ದೆಯಾಗುತ್ತಿದೆ ಎಂದು ಯಾರೋ ಐಸನ್ನೇ ತೆಗೆದಿದ್ದರು. ವೈದ್ಯರು ಸೀಸೆ ಮುಟ್ಟಿ ನೋಡಿದರು, ಸುಡುತ್ತಿತ್ತು. ಇದರಲ್ಲಿ ಇನ್ನು ಕಸುವಿಲ್ಲ ಎಂದು ಉಪನಿರ್ದೇಶಕರ ಕಿವಿಯಲ್ಲಿ ಹೇಳಿದರು.

"ಬಿಸಿ ಇದ್ದರೆ ಒಳ್ಳೇದೇ ಅಲ್ವೇನ್ರೀ," ಎಂದರು ಉಪನಿರ್ದೇಶಕರು. "ಮೂಗು ಸೋರುತ್ತೆ ಅಂತ ನೀವೇ ಹೇಳಿದ್ರಲ್ಲ."

ವೈದ್ಯರು ಸೂಜಿಗೆ ಅದೇ ಲಸಿಕೆ ಏರಿಸಿಕೊಂಡು ಸಾಲಿಗಿಳಿದರು. ಅಕ್ಕ ಒಂದೊಂದೇ ಮೇಕೆಯನ್ನು ನಂಬಿಕೆಯಿಂದ ಹಿಡಿದು ಕೊಟ್ಟಳು. ಅವರು ಒಂದೊಂದಕ್ಕೂ ಚುಚ್ಚಿದರು.

ಆರನೆಯ ದಿನ ಅಕ್ಕನ ಮಂದೆಗೆ ಜ್ವರ ಬಂತು. ಮೂರನೇ ವಾರ ಮುಗಿಯುವಷ್ಟರಲ್ಲಿ ಮೂವತ್ತೆಂಟೂ ಹೋದವು. ಗುಂಡಿ ತೋಡಿ ಸುಣ್ಣ ಹಾಕುವಾಗ ವೈದ್ಯರೂ ಗುದ್ದಲಿ ಹಿಡಿದರು. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು, ಅಕ್ಕ ಬೈಯಲಿಲ್ಲ. ಯಾವುದು ಯಾರ ಮರಿ ಎಂದಷ್ಟೇ ಹೇಳುತ್ತಾ ಹೋದಳು.

ಮರುದಿನ ವರದಿಯಲ್ಲಿ ಸಾವಿನ ಕಾರಣ ಬರೆಯಬೇಕಿತ್ತು. ನಿಯಮ ಎಂಟರಿಂದಾಗಿ ರೋಗ ಎಂದು ಬರೆಯುವಂತಿಲ್ಲ. ವೈದ್ಯರು ಮಧ್ಯಾಹ್ನದವರೆಗೆ ಯೋಚಿಸಿ "ಪ್ರಯಾಣದ ಆಯಾಸ" ಎಂದು ಬರೆದರು. ಉಳಿದ ವೈದ್ಯರಿಗೂ ಅದು ಹಿಡಿಸಿತು. ವಲಯದಲ್ಲಿ ಒಟ್ಟು ಸಾವಿರದ ಆರುನೂರು ಮೇಕೆಗಳು ಆಯಾಸದಿಂದ ತೀರಿಕೊಂಡವು. ಲಸಿಕೆಯು ನೂರಕ್ಕೆ ನೂರು ಯಶಸ್ವಿಯಾಯಿತು.

ಆರು ತಿಂಗಳ ನಂತರ ಇಲಾಖೆಯು ಇಡೀ ವಲಯವನ್ನು ಜಾಲಾಡಿ, ಅಷ್ಟು ದಿನವೂ ಒಂದೇ ಒಂದು ಮೇಕೆಯೂ ಕೆಮ್ಮದ ಕೊಟ್ಟಿಗೆಯನ್ನು ಪತ್ತೆಹಚ್ಚಿತು. ಅದು ಅಕ್ಕನದು. ಆಕೆಯನ್ನು ಮಾದರಿ ಸಾಕಣೆದಾರಳೆಂದು ಘೋಷಿಸಿ, ತರಬೇತಿಗೆ ಬಂದ ಇನ್ನೂರು ಅಧಿಕಾರಿಗಳ ಮುಂದೆ ನಿಲ್ಲಿಸಿದರು. ರೋಗ ತಡೆದದ್ದು ಹೇಗೆಂದು ನಾಲ್ಕು ಮಾತಾಡಿ ಅಂದರು.

ಅಕ್ಕ ಸೆರಗು ಸರಿಮಾಡಿಕೊಂಡು, ಮೊದಲ ಸಾಲಿನಲ್ಲಿದ್ದ ತಮ್ಮನನ್ನು ನೋಡಿ ಹೇಳಿದಳು: "ಮೇಕೆ ಇಲ್ಲದ ಕೊಟ್ಟಿಗೆಗೆ ರೋಗ ಬರೋದಿಲ್ಲ."

ಮೊದಲು ಉಪನಿರ್ದೇಶಕರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಇಷ್ಟು ಸರಳವಾದ ವಿಧಾನ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ ಎಂದು ಹಿಂದಿನ ಸಾಲಿನವರು ಮಾತಾಡಿಕೊಂಡರು. ವೈದ್ಯರು ಕಿಸೆಯಿಂದ ಪೆನ್ನು ತೆಗೆದು, ಆ ಮಾತನ್ನು ತಪ್ಪಿಲ್ಲದೆ ಬರೆದುಕೊಂಡು, ಮೇಲೆ "ನಿಯಮ ಒಂಬತ್ತು" ಎಂದು ಸೇರಿಸಿದರು.