ಭಾವನವರ ಬ್ಯಾರನಿ

ಹುಣಸೆಹುಳಿ ಹಚ್ಚಿ ದೇವರ ದೀಪ ಉಜ್ಜುತ್ತಿದ್ದೆ. ಎರಡೂ ಕೈಗೆ ಹುಳಿ ಮೆತ್ತಿತ್ತು. ಫೋನು ಹೊಡೆದುಕೊಂಡಿತು. ಕಿರುಬೆರಳಿನಿಂದ ಒತ್ತಿದರೆ ಆ ಕಡೆ ನಮ್ಮವರು.

"ಅಣ್ಣ ಬಿದ್ದ ಮಾರಾಯ್ತಿ. ಮುಸಫ್ಫಾದಲ್ಲಿ, ಕ್ಯಾಂಟೀನಿನಲ್ಲಿ. ಮಾತು ತೊದಲ್ತಾ ಉಂಟು. ಮಿದುಳಿಗೆ ಹೋಗುವ ರಕ್ತ ಹೆಪ್ಪುಗಟ್ಟಿದೆ ಅಂತೆ. ನೀನು ಕೂಡ್ಲೇ ಆಸ್ಪತ್ರೆಗೆ ಬಾ."

ದೀಪವನ್ನು ಹಾಗೇ ತೊಟ್ಟಿಯಲ್ಲಿ ಬಿಟ್ಟು ಹೊರಟೆ. ದೇವರು ದೊಡ್ಡವನು. ಅವರು ಬಿದ್ದದ್ದು ಉರಿಬಿಸಿಲಿನ ರಸ್ತೆಯಲ್ಲಲ್ಲ, ನಾಲ್ಕು ಜನರ ನಡುವೆ. ಬೀಳುವ ಮೊದಲು ಊಟವೂ ಆಗಿತ್ತಂತೆ. ಇಷ್ಟನ್ನಾದರೂ ಲೆಕ್ಕಕ್ಕೆ ಹಿಡಿಯಬೇಡವೇ?

ಟ್ಯಾಕ್ಸಿಯಲ್ಲಿ ಕೂತು ದೇವರ ನಾಮ ಹೇಳುತ್ತಿದ್ದವಳಿಗೆ ನಡುನಡುವೆ ನಗು ಬಂತು. ಪಾಪ ಬರಲಿ, ಆದರೂ ಬಂತು! ಏಕೆಂದರೆ ನಮ್ಮ ಭಾವನವರನ್ನು ನೆನೆದು ಬರೀ ಅಳುವುದು ಯಾರಿಗೂ ಸಾಧ್ಯವಿಲ್ಲ. ಅವರಷ್ಟು ಐರ್ಲೆಂಡನ್ನು ಬಲ್ಲವರು ಅಬುಧಾಬಿಯಲ್ಲಿ ಇನ್ನೊಬ್ಬರಿಲ್ಲ. ಐರ್ಲೆಂಡಿಗೆ ಒಮ್ಮೆಯೂ ಹೋಗದವರಲ್ಲಿ ಅಂತ ಸೇರಿಸಿಕೊಳ್ಳಿ.

ಭಾವ ಎಂದರೆ ನಮ್ಮವರ ಅಣ್ಣ. ಅಬುಧಾಬಿಯ ಅಂಚಿನ ಕಾರ್ಖಾನೆಗಳ ಜಾಗ ಮುಸಫ್ಫಾದ ಒಂದು ಕಬ್ಬಿಣದ ಕೆಲಸದ ಕಂಪೆನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಮದುವೆಯಾಗಲಿಲ್ಲ. ಕಂಪೆನಿಯ ರೂಮಿನಲ್ಲಿ ವಾಸ, ರಜೆಯ ದಿನ ಖಾಲಿದಿಯಾದ ನಮ್ಮ ಫ್ಲ್ಯಾಟಿನಲ್ಲಿ ಊಟ. ಅವರ ಮೇಲಧಿಕಾರಿಯಾಗಿದ್ದವರು ಐರ್ಲೆಂಡಿನ ಒಬ್ಬ ಮುದಿ ಎಂಜಿನಿಯರ್. ಧೂಳಿನ ಗಾಳಿ ಎದ್ದು ಕ್ರೇನು ನಿಂತ ಒಂದು ಮಧ್ಯಾಹ್ನ ಅವರು ಹಳೆಯ ಡ್ರಾಯಿಂಗಿನ ಬೆನ್ನಿಗೆ ತನ್ನ ಊರಿನ ಗಡಿ ಬರೆದು ತೋರಿಸಿದರಂತೆ. ಅಷ್ಟೇ! ಕೆಲವರಿಗೆ ಗಾಳಿ ಸೋಂಕಿದರೆ ಭೂತ ಹಿಡಿಯುತ್ತದೆ, ನಮ್ಮ ಭಾವನಿಗೆ ಬ್ಯಾರನಿ ಹಿಡಿಯಿತು.

ಬ್ಯಾರನಿ ಎಂದರೇನು? ನಾನೂ ಕೇಳಿದೆ. ಆ ದಿನ ಪಲ್ಯ ಸೀದುಹೋಯಿತು.

ಅಲ್ಲಿ ಅತಿ ಸಣ್ಣ ತುಂಡು ನೆಲಕ್ಕೆ ಟೌನ್‌ಲ್ಯಾಂಡ್ ಎನ್ನುತ್ತಾರಂತೆ. ಟೌನೂ ಇಲ್ಲ, ಎಂತದೂ ಇಲ್ಲ, ನಾಲ್ಕು ಹೊಲಕ್ಕೆ ಒಂದು ಹೆಸರು. ಅಂಥವು ಹಲವು ಸೇರಿದರೆ ಪ್ಯಾರಿಷ್. ಪ್ಯಾರಿಷುಗಳು ಸೇರಿದರೆ ಬ್ಯಾರನಿ. ಅದರ ಮೇಲೆ ಕೌಂಟಿ. "ನಮ್ಮ ತುಳುನಾಡಿನಲ್ಲಿ ಹತ್ತೂರು ಸೇರಿ ಒಂದು ಮಾಗಣೆ ಇರಲಿಲ್ವಾ, ಹಾಗೆ," ಎಂದು ನಮ್ಮವರು ಒಂದೇ ಮಾತಿನಲ್ಲಿ ಮುಗಿಸಲು ನೋಡಿದರು. ಭಾವ ಬಿಡಬೇಕಲ್ಲ!

ಆ ಎಂಜಿನಿಯರರ ಊರಿನ ಬ್ಯಾರನಿಯ ಹೆಸರು ಬರ್ರೆನ್. ಕ್ಲೇರ್ ಕೌಂಟಿಯ ಬಡಗು ತುದಿಯಲ್ಲಿದೆ. ಬರ್ರೆನ್ ಎಂದರೆ ಕಲ್ಲಿನ ಜಾಗ ಎಂದರ್ಥವಂತೆ. ಒಂದು ಕಡೆ ಕಡಲು, ಉಳಿದಂತೆ ಬೋಳು ಸುಣ್ಣಕಲ್ಲಿನ ಗುಡ್ಡ. ಮಳೆ ಬಂದಾಗ ನೆಲದಡಿಯಿಂದ ಎದ್ದು ಬಂದು, ಆಮೇಲೆ ಹೇಳದೆ ಕೇಳದೆ ಮಾಯವಾಗುವ ಕೆರೆಗಳಿವೆ. ಬೇರೆಲ್ಲ ಕಡೆ ಚಳಿಗಾಲಕ್ಕೆ ದನಗಳನ್ನು ಗುಡ್ಡದಿಂದ ಇಳಿಸಿದರೆ ಅಲ್ಲಿ ಗುಡ್ಡಕ್ಕೆ ಹತ್ತಿಸುತ್ತಾರೆ. ಕಲ್ಲು ಬೇಸಗೆಯ ಬಿಸಿ ಹಿಡಿದಿಟ್ಟುಕೊಳ್ಳುತ್ತದಂತೆ.

"ದನಕ್ಕೂ ಹೀಟರ್ ಇಟ್ಟಿದ್ದಾನೆ ನೋಡು ದೇವರು," ಎಂದರು ಭಾವ.

"ಇಲ್ಲಿ ಮನುಷ್ಯರಿಗೆ ಎ.ಸಿ. ಕೊಟ್ಟಿದ್ದಾನಲ್ಲ ಭಾವ, ಊಟಕ್ಕೆ ಏಳಿ," ಎಂದೆ.

ಎಂಜಿನಿಯರ್ ನಿವೃತ್ತಿಯಾಗಿ ಹೋಗುವಾಗ ಬರ್ರೆನ್ನಿನ ಒಂದು ನಕ್ಷೆ ಕೊಟ್ಟುಹೋದರು. ರೂಮಿನಲ್ಲಿ ಗೋಡೆ ಖಾಲಿ ಇಲ್ಲವೆಂದು ಭಾವ ಅದನ್ನು ತಂದು ನಮ್ಮ ಪಡಸಾಲೆಯಲ್ಲಿ ತೂಗುಹಾಕಿದರು. ಎಲ್ಲಿ? ದೇವರ ಪಟಗಳ ಸಾಲಿನಲ್ಲೇ! ಸತ್ಯನಾರಾಯಣ ಪೂಜೆಯ ದಿನ ಮಂಗಳಾರತಿ ಮುಗಿದ ಮೇಲೆ ದುಬೈಯಿಂದ ಬಂದಿದ್ದ ಒಬ್ಬ ಅಜ್ಜಿ ಎಲ್ಲ ಪಟಗಳಿಗೂ ಕುಂಕುಮ ಇಡುತ್ತಾ ಹೋಗಿ ನಕ್ಷೆಗೂ ಒಂದು ಬೊಟ್ಟಿಟ್ಟು ಕೈಮುಗಿದರು.

"ಇದು ಯಾವ ಕ್ಷೇತ್ರ ಮಗಾ?"

"ಬರ್ರೆನ್, ಅಮ್ಮ."

"ಹೋಗಿ ಬಂದ್ರಾ?"

"ಇಲ್ಲ. ಕರೆ ಬರಬೇಕಷ್ಟೆ," ಎಂದರು ಭಾವ, ಮುಖ ಒಂದು ಚೂರೂ ಸಡಿಲಿಸದೆ.

ಅದೇ ಪೂಜೆಯಲ್ಲಿ ಭಟ್ಟರು ಸಂಕಲ್ಪ ಹೇಳುವಾಗ ಜಂಬೂದ್ವೀಪದಿಂದ ಭರತಖಂಡಕ್ಕೆ ಇಳಿದರು ನೋಡಿ, ಭಾವ ಕೈ ಎತ್ತಿದರು. "ಭಟ್ರೇ, ನಾವೀಗ ಭರತಖಂಡದಲ್ಲಿ ಇಲ್ಲವಲ್ಲ? ಅದೂ ಅಲ್ಲದೆ ನೀವು ಮೇಲಿನಿಂದ ಕೆಳಗೆ ಬರ್ತಿದ್ದೀರಿ. ಅಲ್ಲಿಯವರು ಕೆಳಗಿನಿಂದ ಮೇಲೆ ಹೋಗ್ತಾರೆ. ಮೊದಲು ಟೌನ್‌ಲ್ಯಾಂಡ್..."

ಭಟ್ಟರು ನೀರು ಬಿಡುತ್ತಾ ಹೇಳಿದರು: "ನೀವು ಎಲ್ಲಿದ್ದೀರಿ ಅಂತ ದೇವರಿಗೆ ಗೊತ್ತುಂಟು. ನಿಮಗೆ ಗೊತ್ತಿದ್ರೆ ಸಾಕು!"

ಭಾವ ಗ್ಯಾಸ್ ಸಿಲಿಂಡರಿನವನಿಗೆ ವಿಳಾಸ ಹೇಳುವುದೂ ಹಾಗೇ. ಅಡುಗೆಮನೆಯಿಂದ ಶುರು. ಫ್ಲ್ಯಾಟು, ಮಾಳಿಗೆ, ಕಟ್ಟಡ, ಅದರ ಹಿಂದಿನ ಅಂಗಡಿ, ಖಾಲಿದಿಯಾ, ಅಬುಧಾಬಿ ದ್ವೀಪ. ಅವನು ಆ ಕಡೆಯಿಂದ "ಖಲಾಸ್ ಭಾಯ್, ಖಲಾಸ್!" ಎಂದು ಬೊಬ್ಬೆ ಹೊಡೆಯುತ್ತಿದ್ದ. ಮಗಳು "ದೊಡ್ಡಪ್ಪಾ, ಜಸ್ಟ್ ಸೆಂಡ್ ದ ಲೊಕೇಶನ್!" ಎನ್ನುತ್ತಿದ್ದಳು.

ಒಮ್ಮೆ ನಾನೇ ಕೇಳಿದೆ. "ಭಾವ, ಇಷ್ಟೆಲ್ಲ ಹಾಡಿ ಹೊಗಳ್ತೀರಲ್ಲ, ಆ ಬ್ಯಾರನಿಯಲ್ಲಿ ಈಗ ಎಂತ ಆಫೀಸುಂಟು?"

"ಎಂತದೂ ಇಲ್ಲ. ಹಿಂದೆ ಅಲ್ಲೊಂದು ಹಳೆಯ ಕುಲದವರ ಸೀಮೆ ಇತ್ತು. ಅದು ಎರಡು ಪಾಲಾಯ್ತು. ಒಂದು ಪಾಲನ್ನು ಒ'ಲಾಕ್ಲಿನ್ ಮನೆಯವರು ಆಳಿದ್ರು. ಅದೇ ಬರ್ರೆನ್. ಇಂಗ್ಲಿಷರು ಬಂದು ಅದೇ ಗಡಿಯ ಮೇಲೆ ಬ್ಯಾರನಿ ಅಂತ ಗೆರೆ ಎಳೆದು ತೆರಿಗೆ ಎತ್ತಿದ್ರು. ಆಮೇಲೆ ಕಾನೂನು ಬದಲಾಯ್ತು, ಬ್ಯಾರನಿಗೆ ಕೆಲಸ ಹೋಯ್ತು."

"ಹಾಗಾದ್ರೆ ರದ್ದಾಯ್ತು ಅನ್ನಿ."

"ಛೆ, ಯಾರೂ ರದ್ದು ಮಾಡ್ಲಿಲ್ಲ ಮಾರಾಯ್ತಿ. ಬಳಸುದಿಲ್ಲ, ಅಷ್ಟೆ. ಜಾಗದ ಹಳೆಯ ಪತ್ರದಲ್ಲಿ ಈಗಲೂ ಉಂಟು." ಹಾಗೆಂದು ಮಜ್ಜಿಗೆಯ ಲೋಟ ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು. ಆ ದಿನ ತಮಾಷೆ ಮಾಡದೆ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಹೊಯ್ದೆ.

ಆಸ್ಪತ್ರೆ ಬಂತು. ನಮ್ಮವರು ಬಾಗಿಲಲ್ಲೇ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಒಳಗೆ ಕೇರಳದ ಒಬ್ಬ ಡಾಕ್ಟರಮ್ಮ, ಚಿಕ್ಕ ಪ್ರಾಯ, ಒಳ್ಳೆಯ ಮುಖ. ಹೆಪ್ಪು ಕರಗುವ ಔಷಧಿ ಸಕಾಲಕ್ಕೆ ಬಿದ್ದಿತ್ತು, ಕೈಕಾಲು ಆಡುತ್ತಿತ್ತು. ಆದರೆ ಬುದ್ಧಿಗೆ ಪೆಟ್ಟಾಗಿದೆಯೋ ಎಂದು ಅವರಿಗೆ ಸಂಶಯ. "ಎಲ್ಲಿದ್ದೀರಿ ಅಂತ ಎರಡು ಸಲ ಕೇಳಿದೆ. ಏನೇನೋ ಹೆಸರು ಹೇಳ್ತಾರೆ. ಪೇಷಂಟಿಗೆ ಜಾಗದ ಅರಿವಿಲ್ಲ," ಎಂದರು ಹಿಂದಿಯಲ್ಲಿ.

"ಏನು ಹೇಳಿದರು?"

"ಬರ್ರೆನ್, ಕ್ಲೇರ್... ಏನದು?"

ನಮ್ಮವರು ಗೋಡೆಗೆ ಒರಗಿ ಅಳಲು ಶುರುಮಾಡಿದರು. ನನಗೆ ಮಾತ್ರ ಹೋದ ಜೀವ ಬಂದ ಹಾಗಾಯಿತು. "ಡಾಕ್ಟ್ರೇ, ಅದು ಕಾಯಿಲೆಯಲ್ಲ! ಆರೋಗ್ಯವಾಗಿದ್ದಾಗಲೂ ಅವರು ಅಲ್ಲೇ ಇರುವುದು!"

ಡಾಕ್ಟರಮ್ಮ ನನ್ನನ್ನೂ ಒಂದು ಮಂಚದಲ್ಲಿ ಮಲಗಿಸುವವರ ಹಾಗೆ ನೋಡಿದರು. ತಪ್ಪೇನು? ಹಾಗೆ ನೋಡಿದ ಮೇಲೆ ನನಗೂ ಹೆದರಿಕೆಯಾಯಿತು. ನಿಜಕ್ಕೂ ಬುದ್ಧಿ ಹೋಗಿ, ಬರ್ರೆನ್ ಒಂದೇ ಉಳಿದಿದ್ದರೆ? ನಮ್ಮನ್ನು ಗುರುತೇ ಹಿಡಿಯದಿದ್ದರೆ?

ಹತ್ತಿರ ಹೋದೆ. ಬಾಯಿ ಒಂದು ಕಡೆ ಸ್ವಲ್ಪ ಜಗ್ಗಿತ್ತು. ಅವರನ್ನು ಮೇಲಿನಿಂದ ಕೇಳಿದರೆ ಆಗದು, ಕೆಳಗಿನಿಂದಲೇ ಹೋಗಬೇಕು ಎಂದು ಹೊಳೆಸಿದವನು ದೇವರೇ ಇರಬೇಕು.

"ಭಾವ, ಯಾವ ಮಂಚ?"

ಕಣ್ಣು ನಿಧಾನಕ್ಕೆ ತಿರುಗಿತು. "ಕಿಟಕಿ... ಹತ್ತಿರದ್ದು."

"ಮಂಚ ಎಲ್ಲುಂಟು?"

"ವಾರ್ಡು."

"ವಾರ್ಡು?"

"ಆಸ್ಪತ್ರೆ." ಸ್ವಲ್ಪ ಸಿಟ್ಟು ಬಂದಿತ್ತು. ನನಗೆ ಸಂತೋಷವಾಯಿತು.

"ಯಾವ ಊರು?"

"ಅಬುಧಾಬಿ ಅಲ್ವಾ?"

ನಮ್ಮವರು ಗೋಡೆ ಬಿಟ್ಟು ಮಂಚದ ಬಳಿ ಬಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಭ್ಯಾಸಬಲ, ಬಾಯಿಗೆ ಬಂದೇಬಿಟ್ಟಿತು. "ಯಾವ ಬ್ಯಾರನಿ ಭಾವ?"

ಭಾವ ತಲೆ ಹೊರಳಿಸಿದರು. ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು.

"ಇಲ್ಲಿ ಬ್ಯಾರನಿ ಎಲ್ಲುಂಟು ಮಾರಾಯ್ತಿ," ಎಂದರು ತೊದಲುತ್ತಾ. "ಇಲ್ಲಿ ನನಗೆ ನೀವು ಮಾತ್ರ ಇರುದು."

"ಏನಂತೆ?" ಎಂದು ಡಾಕ್ಟರಮ್ಮ ಕೇಳಿದರು.

"ಎಲ್ಲಿದ್ದೇನೆಂದು ಸರಿಯಾಗಿ ಹೇಳಿದರು," ಎಂದೆ. ಅದಕ್ಕಿಂತ ಹೆಚ್ಚು ಹಿಂದಿ ಆ ಹೊತ್ತಿಗೆ ನನ್ನಲ್ಲಿರಲಿಲ್ಲ.

ಸಂಜೆ ಮನೆಗೆ ಬಂದೆ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅಕ್ಕಿಮೂಟೆ, ಹಳೆಯ ಸೂಟ್‌ಕೇಸು, ಮಗಳ ಮುರಿದ ಸೈಕಲ್ಲು ತುಂಬಿಕೊಂಡಿದ್ದವು. ಸೆರಗು ಸಿಕ್ಕಿಸಿ ಒಂದೊಂದನ್ನೇ ಹೊರಗೆಳೆದಿಟ್ಟು, ಭಾವನಿಗೊಂದು ಮಂಚ ಹಿಡಿಯುವಷ್ಟು ಜಾಗವಾದ ಮೇಲೆ, ಮೂಲೆಯಿಂದ ಗುಡಿಸಲು ಶುರುಮಾಡಿದೆ.