ಮಾವನ ಸ್ಟೌ ಕವಾಯತು

ನಮ್ಮ ಸೋದರಮಾವ ಮಿಲಿಟರಿ ಬಿಟ್ಟು ಶಿವಮೊಗ್ಗೆಗೆ ಬಂದರೆಂದು ಸರ್ಕಾರ ನಂಬಿತ್ತು. ಪಾಪ, ಸರ್ಕಾರಕ್ಕೇನು ಗೊತ್ತು! ಮಾವ ಮಿಲಿಟರಿಯನ್ನೇ ಟ್ರಂಕಿನಲ್ಲಿ ತುಂಬಿಕೊಂಡು ಬಂದಿದ್ದರು.

ಆಗೆಲ್ಲ ಮನೆಮನೆಯಲ್ಲೂ ಸೌದೆ ಒಲೆ. ಮದ್ರಾಸಿನ ಕಂಪನಿಯೊಂದು ಸೀಮೆಎಣ್ಣೆಯ ಪಂಪ್ ಸ್ಟೌ ಮಾರಲು ನಮ್ಮ ಕಡೆ ಏಜೆಂಟರನ್ನು ಹುಡುಕುತ್ತಿತ್ತು. ಮಾವನ ಪರವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದವನು ನಾನು. ಮನೆತನಕ್ಕೇ ಮೊದಲ ಬಿ.ಎ. ಅಲ್ಲವೇ? ನಾಲ್ಕು ಸಲ ಹರಿದು ಐದನೆಯ ಸಲ ಬರೆದೆ! ಮಾದರಿಗೊಂದು ಸ್ಟೌ ಬಂತು, ಜೊತೆಗೊಂದು ಷರತ್ತು: ಕಂಪನಿಯ ಸಾಹೇಬರ ಕಣ್ಣೆದುರು ಭದ್ರಾವತಿಯಲ್ಲಿ ಒಂದಾದರೂ ಸ್ಟೌ ಮಾರಬೇಕು. ಆಗಲೇ ಏಜೆನ್ಸಿ.

ತಯಾರಿ ಶುರು! ಮಾವ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬಂದೂಕು ಬಿಚ್ಚಿ ಜೋಡಿಸುವ ಹಾಗೆ ಸ್ಟೌ ಬಿಚ್ಚಿ ಜೋಡಿಸಿದರು. ಅಷ್ಟು ಬೇಗ ನಾನು ಕಣ್ಣು ಬಿಟ್ಟುಕೊಂಡೂ ಅಂಗಿಯ ಗುಂಡಿ ಹಾಕಲಾರೆ! ಗಿರಾಕಿಯ ಪಾತ್ರ ಅತ್ತೆಯದು.

"ಬೆಲೆ ಜಾಸ್ತಿ ಆಯ್ತು, ಸ್ವಲ್ಪ ಬಿಡಿ."

"ಎದುರು ಮಾತಾಡಬಾರ್ದು!" ಮಾವ ಗುಡುಗಿದರು.

"ಹಿಂಗಂದ್ರೆ ಯಾರು ತಗೋತಾರೆ ಮಾರಾಯ್ರೆ? ಸ್ವಲ್ಪ ನಗಿ."

ಮಾವ ನಕ್ಕರು. ಪಕ್ಕದ ಮನೆಯ ಕೂಸು ಚಿಟ್ಟನೆ ಚೀರಿತು. ಹದಿನೈದು ದಿನ ಕನ್ನಡಿಯ ಮುಂದೆ ನಗುವ ಕವಾಯತು ನಡೆಯಿತು.

ಪರೀಕ್ಷೆಯ ದಿನ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಮುಂದೆ ಹೆಂಗಸರ ಗುಂಪು, ಪಕ್ಕದಲ್ಲಿ ಕಂಪನಿಯ ಸಾಹೇಬರು. ನೀಲಿ ಜ್ವಾಲೆ ಭುಸ್ಸೆಂದಿತು. ಮಾವ ನಕ್ಕರು, ಯಾರೂ ಹೆದರಲಿಲ್ಲ! ಕೂಲಿ ಹೆಂಗಸೊಬ್ಬಳು ಮುಂದೆ ಬಂದಳು.

"ನಂಗೊಂದು ಕೊಡಣ್ಣ."

ಏಜೆನ್ಸಿ ಕಾಗದಕ್ಕೆ ಸಹಿ ಹಾಕಲು ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ಮನೆ ಎಲ್ಲಮ್ಮ?" ಮಾವ ಕೇಳಿದರು.

"ಆ ಕಡೆ ಗುಡಿಸ್ಲು. ಸೋಗೆ ಹೊದ್ಸಿದೀವಿ. ಮೂರು ಮಕ್ಳು."

ಮಾವನ ನಗು ಆರಿತು. "ಸೋಗೆ ಕೆಳಗೆ ಇದು ಬೇಡ ತಾಯಿ. ಬೆಂಕಿ ಮೇಲಕ್ಕೆದ್ರೆ ಕಷ್ಟ. ಹೆಂಚು ಹಾಕಿಸ್ದಾಗ ಹೇಳು, ನಾನೇ ತಂದ್ಕೊಡ್ತೀನಿ."

ಬೆಂಕಿ ಎಂಬ ಮಾತು ಕಿವಿಗೆ ಬಿದ್ದದ್ದೇ ಉಳಿದವರೂ ಜಾಗ ಖಾಲಿ ಮಾಡಿದರು. ಸಾಹೇಬರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಜೀಪು ಹತ್ತಿದರು.

ವಾಪಸು ಬಸ್ಸಿನಲ್ಲಿ ನಾನು ಕುದಿದೆ. "ಮಾವ, ಒಂದ್ನಿಮಿಷ ಸುಮ್ನಿದ್ದಿದ್ರೆ ಏಜೆನ್ಸಿ ನಿಮ್ದೇ ಆಗ್ತಿತ್ತು!"

"ಆಗ್ತಿತ್ತು ಕಣೋ," ಮಾವ ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ಗುಡಿಸ್ಲು ಹತ್ಕೊಂಡ್ರೆ ಆ ಮಕ್ಕಳನ್ನ ಎತ್ಕೊಂಡ್ಬರೋಕೆ ನಾನು ಅಲ್ಲಿರ್ತೀನೇನೋ?"

ಅವರ ತೊಡೆಯ ಮೇಲಿದ್ದ ಸ್ಟೌವನ್ನು ಮೆಲ್ಲಗೆ ಎತ್ತಿ, ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.